ಅರ್ಥಕ್ಕೆ ಎಲ್ಲೆಗಲ್ಲು ನೆಡಬೇಡಿರಿ

ಕೆಲವು ದಿನಗಳ ಹಿಂದೆ ಬೆಳಗಾವಿಯ ಸದಾಶಿವನಗರದಲ್ಲಿ ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ ನಾವು ಏಳೆಂಟು ಜನ ಕನ್ನಡಾಭಿಮಾನಿಗಳು ಕೂಡಿದ್ದೆವು. ಚಹದ ಬಟ್ಟಲುಗಳು ಬರಿದಾದ ಮೇಲೆ ಮಾತು, ಈ ಊರಿನಲ್ಲಿ ಯಾವಾಗಲೂ ಆಗುವಂತೆ, ಗಡಿಯ ಕಡೆಗೆ ಹೊರಳಿತು. ಗಡಿಯಿಂದ ಕವಿರಾಜಮಾರ್ಗಕ್ಕೆ ಹೋಯಿತು. ಹಿರಿಯರೊಬ್ಬರು ಕಾವೇರಿ ಗೋದಾವರಿಗಳ ನಡುವಣ ನಾಡನ್ನು ಹೇಳುವ ಆ ಪದ್ಯವನ್ನು ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸಿ, “ಇದಕ್ಕಿಂತ ದೊಡ್ಡ ಖರೇದಿಪತ್ರ ಇನ್ನೇನು ಬೇಕು?” ಎಂದರು. ಎಲ್ಲರೂ ತಲೆದೂಗಿದೆವು. ಆಗ ಬಾಗಿಲ ಹತ್ತಿರ ಕುಳಿತಿದ್ದ ತರುಣ ಮಾಸ್ತರರೊಬ್ಬರು, “ಕಾಕಾ, ಕವಿ ಅಲ್ಲಿ ‘ಆಳಿದ’ ಅಂತ ಅಂದಿಲ್ಲ, ‘ಭಾವಿಸಿದ’ ಅಂತ ಅಂದಾನ. ಹಂಗ್ಯಾಕ ಅಂದಿರಬೇಕು?” ಎಂದು ಕೇಳಿದರು. ಹಿರಿಯರ ಮುಖ ಬಿಗಿಯಿತು. “ಅದಕ್ಕ ಇರೂದು ಒಂದ ಅರ್ಥ. ಅದನ್ನ ಬಿಟ್ಟು ಬ್ಯಾರೆ ಅರ್ಥ ತಗಿಯಾಂವ ನಾಡದ್ರೋಹಿ” ಎಂದುಬಿಟ್ಟರು. ತರುಣರು ಮತ್ತೆ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ಎಲ್ಲರಿಗೂ ಕೈಮುಗಿದು, ಹೊರಟುಹೋದರು. ನಮ್ಮೊಳಗೆ ಯಾರೂ ಅವರನ್ನು ತಡೆಯಲಿಲ್ಲ, ನಾವೂ ತಡೆಯಲಿಲ್ಲ. ಆ ಮೌನದ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇವೆ.

ಆ ಮಾತನ್ನಾಡಿದ ಹಿರಿಯರು ನಮ್ಮ ವಿರೋಧಿಗಳಲ್ಲ. ನಮ್ಮ ಪಕ್ಷದವರೇ, ಕನ್ನಡಕ್ಕಾಗಿ ಸವೆದವರೇ. ಅಂತೆಯೇ ಅವರ ಮಾತು ಅಪಾಯಕರವಾದದ್ದು. ಪರಪಕ್ಷದವರ ತಪ್ಪನ್ನು ಎತ್ತಿ ತೋರಿಸುವವರು ಬೇಕಾದಷ್ಟು ಜನರಿದ್ದಾರೆ. ನಮ್ಮವರ ತಪ್ಪನ್ನು ನಮ್ಮ ಪತ್ರಿಕೆಯಲ್ಲಿ ನಾವೇ ಹೇಳದಿದ್ದರೆ ಮತ್ತಾರು ಹೇಳಬೇಕು? ನಮ್ಮ ವಾದವು ಇಷ್ಟು: ಒಳ್ಳೆಯ ಬರವಣಿಗೆಯ ಅರ್ಥವು ಓದುವವನ ಶ್ರಮವಿಲ್ಲದೆ ಹುಟ್ಟುವದಿಲ್ಲ, ಆ ಶ್ರಮಕ್ಕೆ ತಡೆಹಾಕುವವನು ಸರಕಾರದವನಾಗಿರಲಿ, ಪರೀಕ್ಷಕನಾಗಿರಲಿ, ನಾಡಿನ ಅಭಿಮಾನಿಯೇ ಆಗಿರಲಿ, ನಾಡಿನ ಬೇರನ್ನೇ ಕಡಿಯುತ್ತಾನೆ.

ಮೊದಲು ಖರೇದಿಪತ್ರದ ಮಾತು. ನಾವು ವಕೀಲಿ ಕಸುಬಿನವರು. ದಸ್ತೈವಜು ಎಂದರೇನೆಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ನಮ್ಮ ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕಿವೆ. ಅವು ದಸ್ತೈವಜುಗಳು. ಯಾವ ಅರಸನು ಯಾವ ಭೂಮಿಯನ್ನು ಯಾರಿಗೆ ದಾನಕೊಟ್ಟನು, ಅದನ್ನು ಕಸಿದುಕೊಂಡವನಿಗೆ ಎಂಥ ಪಾಪ ಎಂಬುದೇ ಅವುಗಳ ಕೆಲಸ. ಅಂಥ ಬರಹಕ್ಕೆ ಎರಡನೆಯ ಅರ್ಥ ಇರಕೂಡದು. ಇದ್ದರೆ ಬರೆದವನೇ ಅಪರಾಧಿ. ಕಾವ್ಯದ ನ್ಯಾಯವು ಇದಕ್ಕೆ ತೀರ ವಿರುದ್ಧವಾದದ್ದು. ದಸ್ತೈವಜನ್ನು ನೂರು ಸಲ ಓದಿದರೂ ಅದು ಹೇಳುವದು ಒಂದೇ ಮಾತು. ಒಳ್ಳೆಯ ಪದ್ಯವನ್ನು ಎರಡನೆಯ ಸಲ ಓದುವಾಗಲೇ ಅದು ಮೊದಲು ಹೇಳದಿದ್ದುದನ್ನು ಹೇಳುತ್ತದೆ. ಹಾಗೆ ಹೇಳದಿದ್ದರೆ ಅದನ್ನು ಎರಡನೆಯ ಸಲ ಓದುವವರು ಯಾರು?

ಆದರೂ ಹಿರಿಯರ ಮಾತಿನಂತೆ ಆ ಪದ್ಯವು ಖರೇದಿಪತ್ರವೇ ಎಂದು ಗಳಿಗೆಯ ಮಟ್ಟಿಗೆ ಒಪ್ಪಿಕೊಳ್ಳೋಣ. ಖರೇದಿಪತ್ರದ ಚತುಃಸೀಮೆಯನ್ನು ಅಕ್ಷರಶಃ ಪಾಲಿಸಬೇಕಾಗುವದು. ಗೋದಾವರಿಯೇ ಉತ್ತರದ ಎಲ್ಲೆಯಾದರೆ ಆ ನದಿಯ ದಂಡೆಯ ನಾಶಿಕ ನಾಂದೇಡಗಳವರೆಗೂ ನಾವು ಫಿರ್ಯಾದಿ ಹೂಡಬೇಕು. ಅದು ಹೋಗಲಿ. ಕಾವೇರಿಯೇ ದಕ್ಷಿಣದ ಎಲ್ಲೆಯಾದರೆ, ಆ ಹೊಳೆಯ ದಕ್ಷಿಣಕ್ಕಿರುವ ಮೈಸೂರು, ನಂಜನಗೂಡು, ಚಾಮರಾಜನಗರಗಳನ್ನು ನಾವೇ ಬರೆದುಕೊಟ್ಟಂತಾಗುವದು! ಎದುರಾಳಿಯ ವಕೀಲನು ಇಂಥ ಪ್ರಶ್ನೆಯನ್ನು ಕೇಳಿದರೆ ಆ ಹಿರಿಯರು ಯಾವ ಉತ್ತರ ಕೊಟ್ಟಾರು? ಪದ್ಯವನ್ನು ದಸ್ತೈವಜು ಮಾಡಹೊರಟವನು ಖಟ್ಲೆಯನ್ನೂ ಸೋಲುವನು, ಪದ್ಯವನ್ನೂ ಕಳಕೊಳ್ಳುವನು.

ಗಡಿಯ ಖಟ್ಲೆಗೆ ಬೇಕಾದ ಪುರಾವೆಗಳೇ ಬೇರೆ. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರುಷ ಕೊಟ್ಟ ವರದಿಯಲ್ಲಿ ಬೆಳಗಾವಿಯು ಕರ್ನಾಟಕದಲ್ಲಿಯೇ ಇರಬೇಕೆಂದೂ, ಅಕ್ಕಲಕೋಟೆಯೂ ಚಂದ್ರಗಿರಿಯ ಉತ್ತರದ ಕಾಸರಗೋಡೂ ಕರ್ನಾಟಕಕ್ಕೆ ಸೇರಬೇಕೆಂದೂ ಹೇಳಿತು. ೨೦೦೪ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಲ್ಲೆಲ್ಲ ಬೇಕಾದವು ಜನಗಣತಿಯ ಅಂಕಿಗಳು, ಗ್ರಾಮಗಳ ಪಟ್ಟಿಗಳು, ರಾಜ್ಯಾಂಗದ ಕಲಮುಗಳು. ಅವನ್ನು ಒದಗಿಸುವದರಲ್ಲಿ ನಾವು ಯಾರಿಗೂ ಹಿಂದೆಬೀಳಬಾರದು. ಆದರೆ ಅಂಕಿಗಳ ಕೆಲಸವನ್ನು ಕವಿಯ ಹೆಗಲಿಗೆ ಹೊರಿಸಬೇಡಿರಿ. ಅವನಿಗೆ ಬೇರೆ ಕೆಲಸವಿದೆ.

ಆ ಕೆಲಸ ಯಾವದು? ತರುಣ ಮಾಸ್ತರರ ಪ್ರಶ್ನೆಗೆ ಈಗ ಬರುತ್ತೇವೆ. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದ ನಡುವೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ. ೧೮೯೮ರಲ್ಲಿ ಕೆ. ಬಿ. ಪಾಠಕರು ಸಂಪಾದಿಸಿದ ಮೇಲೆಯೇ ಅದು ಅಚ್ಚಿನಲ್ಲಿ ಕನ್ನಡಿಗರ ಕೈಗೆ ಬಂದಿತು. ನೃಪತುಂಗನ ವಂಶದ ಆಳಿಕೆಯು ಕನ್ನಡ ನುಡಿಯ ಸೀಮೆಯನ್ನು ದಾಟಿ ಗುಜರಾತದ ಲಾಟದೇಶದವರೆಗೂ ಚಾಚಿತ್ತು. ಅರಸನ ಎಲ್ಲೆಯನ್ನು ಹೊಗಳುವದೇ ಕವಿಯ ಉದ್ದೇಶವಾಗಿದ್ದರೆ ಅವನು ಗೋದಾವರಿಯ ಹತ್ತಿರ ಏಕೆ ನಿಲ್ಲಬೇಕಾಗಿತ್ತು? ನರ್ಮದೆಯ ಕಡೆಗೆ ಧಾರಾಳವಾಗಿ ನಡೆಯಬಹುದಾಗಿತ್ತು. ಅವನು ನಿಂತನು, ಏಕೆಂದರೆ ಅವನು ಅಳೆಯುತ್ತಿದ್ದುದು ಅರಸನ ನೆಲವನ್ನಲ್ಲ. ಕಂದಾಯ ಕೊಡುವ ಜನವನ್ನಲ್ಲ, ಕನ್ನಡದಲ್ಲಿ ಭಾವಿಸುವ ಜನವನ್ನು ಅವನು ನಾಡೆಂದು ಕರೆದನು. ಸಾವಿರದ ನೂರು ವರುಷಗಳಿಗೂ ಹಿಂದೆ, ಸಿಂಹಾಸನದ ಬುಡದಲ್ಲಿಯೇ ಕುಳಿತು, ನಾಡೆಂದರೆ ಆಳಿಕೆಯಲ್ಲ, ಭಾವನೆ ಎಂದ ಆ ಧೈರ್ಯವನ್ನು ನೋಡಿರಿ! ಇದು ನಮ್ಮ ಓದು. ಇದನ್ನು ಒಪ್ಪದವರಿರಬಹುದು, ಅವರ ಕಾರಣಗಳನ್ನು ಕೇಳಲು ಸಿದ್ಧರಿದ್ದೇವೆ. ಆದರೆ ಇಷ್ಟಾದರೂ ನಮಗೆ ಹೊಳೆದದ್ದು ಬಾಗಿಲ ಹತ್ತಿರ ಕುಳಿತ ಒಬ್ಬ ಮಾಸ್ತರರ ಪ್ರಶ್ನೆಯಿಂದ. ಪದ್ಯವನ್ನು ನೂರು ಸಲ ಸಭೆಗಳಲ್ಲಿ ಹೇಳಿದ ನಮಗೆ ಆ ಒಂದು ಕ್ರಿಯಾಪದವು ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೂ ಒಂದು ಮಾತು ಅದೇ ಸ್ಥಳದಲ್ಲಿದೆ. ಅಲ್ಲಿ ಕವಿಯು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆಗಳ ಜೊತೆಗೆ ಒಕ್ಕುಂದವನ್ನೂ ಹೆಸರಿಸುತ್ತಾನೆ. ಅದು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ವಕ್ಕುಂದ. ಇದನ್ನು ನಾವು ಎದೆಯುಬ್ಬಿಸಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಎಲ್ಲೆಯನ್ನು ಹೇಳಿದ ಕವಿಯು ಅಷ್ಟಕ್ಕೆ ಸುಮ್ಮನಾಗುವದಿಲ್ಲ. ಆ ನಾಡಿನ ಜನರು ಎಂಥವರೆಂಬುದನ್ನೂ ಹೇಳುತ್ತಾನೆ: ಹದವರಿತು ನುಡಿಯಬಲ್ಲವರು, ಬೇರೆಯವರು ನುಡಿದದ್ದನ್ನು ತೂಗಿ ನೋಡಬಲ್ಲವರು, ಸಾಲೆಯ ಓದಿಲ್ಲದೆಯೂ ಕಾವ್ಯದ ಮರ್ಮವನ್ನು ಬಲ್ಲವರು. ಅಂದರೆ ನಾಡಿನ ಎಲ್ಲೆಯನ್ನು ಹೇಳಿದ ಉಸಿರಿನಲ್ಲಿಯೇ ಕವಿಯು ಓದುಗನನ್ನೂ ಕೇಳುಗನನ್ನೂ ಹೇಳಿದನು. ನಾವು ಆ ಮಾತನ್ನೂ ಸಭೆಗಳಲ್ಲಿ ಹಾಡುತ್ತೇವೆ; ಆದರೆ ಬಿರುದೆಂದು ಹಾಡುತ್ತೇವೆಯೇ ಹೊರತು ಹೊಣೆಯೆಂದು ಓದುವದಿಲ್ಲ. ನುಡಿದದ್ದನ್ನು ತೂಗಿ ನೋಡುವ ಜನವೇ ಕನ್ನಡ ಜನವಾದರೆ, ಆ ಸಂಜೆ ಸದಾಶಿವನಗರದ ಪಡಸಾಲೆಯಲ್ಲಿ ತೂಗಿ ನೋಡಿದವನು ಆ ತರುಣನೊಬ್ಬನೇ. ಅವನಿಗೇ ನಾವು ದ್ರೋಹಿ ಎಂದೆವು!

ದ್ರೋಹವೆಂಬ ಶಬ್ದವು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ನೆನಪಿಸಬೇಕು. ಒಳ್ಳೆಯ ಬರವಣಿಗೆಗೆ ಒಂದೇ ಅರ್ಥ, ಅದು ನಾವು ಹೇಳಿದ್ದೇ ಎಂಬ ಹಟವು ನಮ್ಮ ನಾಡಿನಲ್ಲಿ ಹುಟ್ಟಿದ್ದಲ್ಲ. ಪರರ ಸರಕಾರವು ನ್ಯಾಯಾಸನದ ಮೇಲೆ ಕುಳಿತು ಅದನ್ನು ನಮಗೆ ಉಣ್ಣಿಸಿತು. ೧೯೦೮ರಲ್ಲಿ ಲೋಕಮಾನ್ಯ ಟಿಳಕರ ಮೇಲೆ ಮುಂಬಯಿಯಲ್ಲಿ ರಾಜದ್ರೋಹದ ಖಟ್ಲೆ ನಡೆದಾಗ ‘ಕೇಸರಿ’ಯ ಮರಾಠಿ ಲೇಖನಗಳ ಇಂಗ್ಲಿಷ ಭಾಷಾಂತರವನ್ನು ಮುಂದಿಟ್ಟುಕೊಂಡು ವಿಚಾರಣೆ ಮಾಡಲಾಯಿತು. ಭಾಷಾಂತರದಲ್ಲಿ ತಮ್ಮ ಶಬ್ದಗಳ ಅರ್ಥವು ಕೆಟ್ಟಿದೆಯೆಂದು ಟಿಳಕರು ಸ್ವತಃ ವಾದಿಸಿದರು. ಒಂಬತ್ತು ಜನ ಜ್ಯೂರಿಗಳಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಏಳು ಜನ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಆರು ವರುಷಗಳ ಶಿಕ್ಷೆಯಾಯಿತು. ಟಿಳಕರು ಮಂಡಾಲೆಗೆ ಹೋದರು.

ಅಷ್ಟು ದೂರ ಹೋಗುವದೂ ಬೇಡ. ಬೆಳಗಾವಿಯ ಮಗ್ಗುಲಲ್ಲಿಯೇ ಹಿಂಡಲಗಾ ಸೆರೆಮನೆಯಿದೆ. ೧೯೩೨ರಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ‘ನರಬಲಿ’ ಎಂಬ ಕವಿತೆಯಲ್ಲಿ ಸರಕಾರವು ರಾಜದ್ರೋಹವನ್ನು ಓದಿತು. ಕವಿಯನ್ನು ಹಿಂಡಲಗಾಕ್ಕೆ ಕಳಿಸಿತು. ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ಸ್ಥಾನಬದ್ಧರನ್ನಾಗಿ ಇಟ್ಟಿತು. ಸರಕಾರಕ್ಕೆ ಓದಲು ಬರುತ್ತಿರಲಿಲ್ಲವೆಂದು ನಾವು ಹೇಳುವದಿಲ್ಲ. ಅದಕ್ಕೂ ಓದಲು ಬರುತ್ತಿತ್ತು, ಆದರೆ ಕವಿತೆಯಲ್ಲಿ ದ್ರೋಹವಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅದು ಓದುತ್ತಿತ್ತು. ಉಳಿದದ್ದೆಲ್ಲ ಅದಕ್ಕೆ ಕಾಣಿಸುತ್ತಿರಲಿಲ್ಲ. ಕವಿಯನ್ನು ಸೆರೆಯಲ್ಲಿಡಬಹುದು, ಆದರೆ ಓದಿದವನ ಎದೆಯಲ್ಲಿ ಎದ್ದ ಅರ್ಥಕ್ಕೆ ಬೇಡಿ ಹಾಕುವ ಕಮ್ಮಾರನೆಲ್ಲಿದ್ದಾನೆ? ಆ ಸರಕಾರ ಹೋಯಿತು. ‘ನರಬಲಿ’ ಉಳಿಯಿತು. ಈಗ ನಾವೇ ಆ ಮ್ಯಾಜಿಸ್ಟ್ರೇಟನ ಖುರ್ಚಿಯ ಮೇಲೆ ಕುಳಿತು, ‘ರಾಜ’ ಎಂಬ ಎರಡಕ್ಷರ ತೆಗೆದು ‘ನಾಡ’ ಎಂಬ ಎರಡಕ್ಷರ ಹಚ್ಚಿ, ಅದೇ ತೀರ್ಪನ್ನು ಓದಿದರೆ, ಸ್ವರಾಜ್ಯದಿಂದ ನಾವು ಪಡೆದದ್ದೇನು?

ಇದಕ್ಕೆ ನಮ್ಮ ಹಿರಿಯರು ಹೇಳಬಹುದಾದ ಉತ್ತರವನ್ನು ನಾವು ಬಲ್ಲೆವು. “ಚಳವಳಿಗೆ ಒಂದೇ ದನಿ ಬೇಕು; ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತ ಕುಳಿತರೆ ನಾಡು ಕಟ್ಟುವವರು ಯಾರು?” ಇದು ತೂಕದ ಆಕ್ಷೇಪವೇ. ಆದರೆ ಚರಿತ್ರೆಯು ಇದಕ್ಕೆ ಸಾಕ್ಷಿ ಹೇಳುವದಿಲ್ಲ. ಮಂಡಾಲೆಯ ಸೆರೆಯಲ್ಲಿ ಟಿಳಕರು ಗೀತೆಯನ್ನು ಓದಿ ಅದರಲ್ಲಿ ಕರ್ಮಯೋಗವನ್ನು ಕಂಡರು. ಅವರ ‘ಗೀತಾರಹಸ್ಯ’ವು ೧೯೧೫ರಲ್ಲಿ ಹೊರಬಿದ್ದಿತು. ಅದೇ ಗೀತೆಯನ್ನು ಗಾಂಧೀಜಿಯವರು ಓದಿ ಅದರಲ್ಲಿ ಅನಾಸಕ್ತಿಯನ್ನೂ ಅಹಿಂಸೆಯನ್ನೂ ಕಂಡರು. ಅವರ ‘ಅನಾಸಕ್ತಿಯೋಗ’ವು ೧೯೩೦ರಲ್ಲಿ ಪ್ರಕಟವಾಯಿತು. ಯುದ್ಧರಂಗದಲ್ಲಿ ಹೇಳಿದ ಗ್ರಂಥವೊಂದಕ್ಕೆ ಇಷ್ಟು ದೂರದ ಎರಡು ಅರ್ಥಗಳು! ಇದರಿಂದ ಸ್ವಾತಂತ್ರ್ಯದ ಚಳವಳಿಯು ಮುರಿದು ಬಿದ್ದಿತೇ? ೧೯೧೬ರಲ್ಲಿ ಟಿಳಕರು ಹೋಮರೂಲ ಸಂಘವನ್ನು ಸ್ಥಾಪಿಸಿದ್ದು ಈ ಬೆಳಗಾವಿಯಲ್ಲಿ. ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು, ೧೯೨೪ರಲ್ಲಿ, ಇದೇ ಬೆಳಗಾವಿಯಲ್ಲಿ. ಎರಡೂ ಓದುಗಳನ್ನು ಈ ಊರು ತನ್ನ ಮಡಿಲಲ್ಲಿ ಹಾಕಿಕೊಂಡು ಎರಡರಿಂದಲೂ ಬಲ ಪಡೆಯಿತು.

ಏಕೀಕರಣದ ಮಾತಂತೂ ಇನ್ನೂ ಸ್ಪಷ್ಟ. ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ಅವರೂ ವಕೀಲಿಯನ್ನು ಓದಿದವರೇ. ಹಂಪೆಯ ಹಾಳು ಕಲ್ಲುಗಳನ್ನು ಅವರಿಗಿಂತ ಮೊದಲು ಎಷ್ಟು ಜನ ಸಾಹೇಬರು ನೋಡಿರಲಿಲ್ಲ, ಅಳೆದಿರಲಿಲ್ಲ! ಅವರು ಕಲ್ಲನ್ನು ಕಂಡರು. ಆಲೂರರು ಅದೇ ಕಲ್ಲುಗಳನ್ನೂ, ಶಾಸನಗಳನ್ನೂ, ಹಳೆಯ ಕಾವ್ಯಗಳನ್ನೂ ಬೇರೆ ರೀತಿಯಾಗಿ ಓದಿದರು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹೋಗಿದ್ದ ಜನವು ಒಂದೇ ಜನವೆಂಬುದು ಆ ಓದಿನಲ್ಲಿ ಅವರಿಗೆ ಹೊಳೆಯಿತು. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಬಿದ್ದದ್ದು ಹೀಗೆ. ೧೯೫೬ರ ನವೆಂಬರ ಒಂದರಂದು ನಕಾಶೆಯ ಮೇಲೆ ಮೂಡಿದ ನಾಡು ಅದಕ್ಕೆ ಎಷ್ಟೋ ವರುಷ ಮೊದಲೇ ಓದುಗನೊಬ್ಬನ ಮನಸ್ಸಿನಲ್ಲಿ ಮೂಡಿತ್ತು. ಆಗ ಯಾರಾದರೂ, “ಈ ಕಲ್ಲುಗಳಿಗೆ ಒಂದೇ ಅರ್ಥ, ಅದನ್ನು ಗ್ಯಾಝೆಟಿಯರಿನಲ್ಲಿ ಬರೆದಿದೆ” ಎಂದು ಅವರ ಬಾಯಿ ಮುಚ್ಚಿಸಿದ್ದರೆ ಏಕೀಕರಣದ ಚಳವಳಿಯು ಎಲ್ಲಿಂದ ಹುಟ್ಟುತ್ತಿತ್ತು? ನಮ್ಮ ನಾಡೇ ಒಂದು ಹೊಸ ಓದಿನ ಫಲ. ಆ ನಾಡಿನ ಹೆಸರಿನಲ್ಲಿ ಹೊಸ ಓದನ್ನು ತಡೆಯುವದೆಂದರೆ ಮಗನು ತಾಯಿಯನ್ನು ಮನೆಯಿಂದ ಹೊರಗೆ ಹಾಕಿದಂತೆ.

ಹಾಗಾದರೆ ಯಾರು ಯಾವ ಅರ್ಥವನ್ನಾದರೂ ಹೇಳಬಹುದೇ? ಇಲ್ಲ, ಈ ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಕತ್ತರಿಸಿಬಿಡುತ್ತೇವೆ. ನ್ಯಾಯಾಲಯದಲ್ಲಿ ನಮಗೊಂದು ಹಳೆಯ ನಿಯಮವಿದೆ: ಬರಹವನ್ನು ಇಡಿಯಾಗಿ ಓದಬೇಕು, ತನಗೆ ಬೇಕಾದ ಒಂದು ಸಾಲನ್ನು ಕಿತ್ತುಕೊಂಡು ಓಡಬಾರದು. ಕಾವ್ಯಕ್ಕೆ ದಸ್ತೈವಜಿನ ಉಳಿದ ನಿಯಮಗಳು ಸಲ್ಲದಿದ್ದರೂ ಈ ಒಂದು ನಿಯಮವು ಸಲ್ಲುವದು. ಶಬ್ದವು ಒಪ್ಪಬೇಕು, ಸಂದರ್ಭವು ಒಪ್ಪಬೇಕು, ಇಡೀ ಗ್ರಂಥವು ಒಪ್ಪಬೇಕು. ಈ ಮೂರು ಸಾಕ್ಷಿಗಳ ಮುಂದೆ ನಿಲ್ಲಲಾರದ ಅರ್ಥವು, ಅದು ನಮಗೆಷ್ಟು ಅನುಕೂಲವಾಗಿದ್ದರೂ, ಅನರ್ಥವೇ.

ಉದಾಹರಣೆಗೆ ಜ್ಞಾನೇಶ್ವರರ ಅಭಂಗವೊಂದರಲ್ಲಿ ಪಂಢರಪುರದ ವಿಠ್ಠಲನಿಗೆ ‘ಕಾನಡಾ’ ಎಂಬ ವಿಶೇಷಣವಿದೆ. ಮರಾಠಿಯ ಕೆಲವರು ಅದಕ್ಕೆ ‘ತಿಳಿಯಲಾಗದವನು, ಅಗಮ್ಯನು’ ಎಂದು ಅರ್ಥ ಹೇಳುತ್ತಾರೆ. ನಾವು ‘ಕನ್ನಡಿಗನು’ ಎಂದು ಹೇಳುತ್ತೇವೆ. ಅಲ್ಲಿ ಕರ್ನಾಟಕದ ಹೆಸರೂ ಬಂದಿರುವದರಿಂದ ಸಂದರ್ಭವು ನಮ್ಮ ಕಡೆಗಿದೆಯೆಂಬುದು ನಮ್ಮ ಖಚಿತ ಮತ. ಆದರೆ ಅಷ್ಟಕ್ಕೇ ಗೆದ್ದೆವೆಂದು ಗುಲಾಲು ಹಾರಿಸಿ ಹಿಂತಿರುಗಿದರೆ ಜ್ಞಾನೇಶ್ವರರ ಅಭಂಗವನ್ನು ನಾವು ಓದಿದಂತಾಗಲಿಲ್ಲ. ಮರಾಠಿಯ ಸಂತನೊಬ್ಬನು ತನ್ನ ಪ್ರಾಣದೈವವನ್ನು ನೆರೆಯ ನುಡಿಯವನೆಂದು ಕರೆದು ಹಿಗ್ಗುವಾಗ, ಹತ್ತಿರವಿದ್ದೂ ಕೈಗೆ ಸಿಗದ ದೇವರ ಸ್ವಭಾವವೂ ಆ ಶಬ್ದದಲ್ಲಿ ಮಿಂಚಿರಬಾರದೇಕೆ? ಎರಡೂ ಅರ್ಥಗಳು ಒಂದನ್ನೊಂದು ಕೊಲ್ಲಬೇಕಾಗಿಲ್ಲ. ಕಿತ್ತಾಡುವ ಎರಡು ಪಕ್ಷದವರೂ ಅಭಂಗವನ್ನು ಹಂಚಿಕೊಳ್ಳಹೋಗಿ ದೇವರನ್ನು ಬಿಟ್ಟು ಬಂದಿದ್ದಾರೆ.

ಇದು ನಾವು ಪಶ್ಚಿಮದಿಂದ ಕಲಿತು ಬಂದ ನವೀನ ತತ್ವವಲ್ಲ. ನಮ್ಮ ಹಳ್ಳಿಗಳ ಗುಡಿಗಳಲ್ಲಿ ಕುಮಾರವ್ಯಾಸ ಭಾರತವನ್ನು ಓದಿಸುವಾಗ ರಾಗವಾಗಿ ಓದುವವನೊಬ್ಬ, ಅರ್ಥ ಹೇಳುವವನೊಬ್ಬ. ಅರ್ಥ ಹೇಳುವವನು ಬದಲಾದರೆ ಅದೇ ಕರ್ಣನು ಬೇರೆಯಾಗಿ ಅಳುತ್ತಾನೆ. ಅಕ್ಷರ ಬಾರದ ಒಕ್ಕಲಿಗನು ಮರುದಿನ ಹೊಲದಲ್ಲಿ ಇಬ್ಬರ ಅರ್ಥವನ್ನೂ ತೂಗಿ ನೋಡುತ್ತಾನೆ. ಶೂನ್ಯಸಂಪಾದನೆಯನ್ನು ನೋಡಿರಿ. ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಸಂವಾದವಾಗಿ ಪೋಣಿಸಿದನು. ಅವನ ತರುವಾಯದವರು ಸಿದ್ಧರಾಮನ ದೀಕ್ಷೆಯ ಪ್ರಸಂಗವನ್ನು ಒಪ್ಪದೆ ಮತ್ತೊಂದು ರೀತಿಯಾಗಿ ಪೋಣಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳು ಹುಟ್ಟಿದವು. ಬೆಡಗಿನ ವಚನಗಳಿಗೆ ಟೀಕುಗಳ ಸಾಲೇ ಇದೆ. ಒಬ್ಬರು ಇನ್ನೊಬ್ಬರ ಟೀಕನ್ನು ಸುಡಲಿಲ್ಲ. ತಮ್ಮದನ್ನು ಬರೆದು ಪಕ್ಕದಲ್ಲಿಟ್ಟರು.

ಆ ವಚನಗಳು ನಮ್ಮ ಕೈಗೆ ಬಂದ ಕಥೆಯಾದರೂ ಓದುಗನೊಬ್ಬನ ಕಥೆಯೇ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಕಕ್ಷಿಗಾರರ ಕಾಗದಗಳನ್ನು ಬಿಟ್ಟು, ಮನೆಮನೆಯ ಮಾಡದಲ್ಲಿ ಧೂಳು ತಿನ್ನುತ್ತಿದ್ದ ತಾಡೋಲೆಗಳನ್ನು ಬಿಚ್ಚಿದರು. ಪೂಜೆಯ ಕಟ್ಟುಗಳೆಂದು ಜನರು ಕುಂಕುಮ ಹಚ್ಚಿ ಇಟ್ಟಿದ್ದವುಗಳಲ್ಲಿ ಅವರು ಓದಬೇಕಾದ ಮಾತನ್ನು ಕಂಡರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ೧೯೨೩ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ. ಪೂಜಿಸುವವನು ಗ್ರಂಥವನ್ನು ಉಳಿಸುತ್ತಾನೆ, ನಿಜ. ಆದರೆ ಓದುವವನು ಅದನ್ನು ಬದುಕಿಸುತ್ತಾನೆ. ಕವಿರಾಜಮಾರ್ಗದ ಆ ಪದ್ಯಕ್ಕೆ ನಾವೀಗ ಕುಂಕುಮ ಹಚ್ಚಿ ಮಾಡದಲ್ಲಿ ಇಟ್ಟಿದ್ದೇವೆ.

ಕೊನೆಯದಾಗಿ ಸಾಲೆಯ ಗುರುಗಳಿಗೆ ಒಂದು ಮಾತು. ಈ ಪತ್ರಿಕೆಯ ವಾಚಕರಲ್ಲಿ ಅವರೇ ಬಹುಜನ. ಗುರುಗಳೇ, ನೀವು ಮಕ್ಕಳಿಗೆ ಪದ್ಯವನ್ನು ಕೊಟ್ಟು, ಕೂಡಲೆ ಅದರ ಸಾರಾಂಶವನ್ನೂ ಫಳಿಯ ಮೇಲೆ ಬರೆದುಕೊಡುತ್ತೀರಿ. ಮಗುವು ಸಾರಾಂಶವನ್ನು ಬಾಯಿಪಾಠ ಮಾಡಿ ಪದ್ಯವನ್ನು ಮರೆಯುತ್ತದೆ. ಪೇಟೆಯಲ್ಲಿ ಸಿಗುವ ಗೈಡುಗಳು ನಿಮಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಪದ್ಯವನ್ನು ಓದುವ ತೊಂದರೆಯನ್ನೂ ತಪ್ಪಿಸಿವೆ. ಪರೀಕ್ಷೆಯ ಕಾಟ ನಿಮ್ಮ ಬೆನ್ನ ಮೇಲಿದೆ ಎಂಬುದನ್ನು ನಾವು ಬಲ್ಲೆವು. ಆದರೂ ವಾರದಲ್ಲಿ ಒಂದು ತಾಸು ಫಳಿಯನ್ನು ಒರೆಸಿಡಿರಿ. ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿರಿ; ಆಮೇಲೆ ಸುಮ್ಮನಿರಿ. ಬೇಂದ್ರೆಯವರ ಧಾರವಾಡದ ಮಾತು ಪುಸ್ತಕದಲ್ಲಿ ಬಂದರೆ ಅದನ್ನು ‘ಗ್ರಾಮ್ಯ’ವೆಂದು ದಾಟಿಸಬೇಡಿರಿ, ನಿಮ್ಮೂರಿನ ಮಗುವಿಗೆ ಅದರ ಅರ್ಥ ನಿಮಗಿಂತ ಮೊದಲೇ ಗೊತ್ತಿದ್ದೀತು. ತಪ್ಪು ಹೇಳಿದರೆ ಶಬ್ದವನ್ನು ತೋರಿಸಿ ತಿದ್ದಿರಿ, ಛಡ್ಡಿಯನ್ನು ತೋರಿಸಿ ಅಲ್ಲ.

ಕಾಸರಗೋಡು, ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡದ ಮಕ್ಕಳು ಬೇರೆ ರಾಜ್ಯದ ಆಳಿಕೆಯಲ್ಲಿ ಕನ್ನಡವನ್ನು ಓದುತ್ತಾರೆ. ಅವರ ಪಾಲಿಗೆ ನಾಡು ನಕಾಶೆಯಲ್ಲಿಲ್ಲ, ಕೈಯಲ್ಲಿರುವ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ಅವರು ತಾವಾಗಿ ಓದಬಲ್ಲವರಾದರೆ ನಾಡು ಅಲ್ಲಿಯವರೆಗೂ ಇರುತ್ತದೆ. ಬೆಳಗಾವಿಯಲ್ಲಿ ವಿಧಾನಸೌಧವಿದ್ದೂ ಇಲ್ಲಿಯ ಮಗುವಿಗೆ ಕನ್ನಡ ಪದ್ಯವೊಂದನ್ನು ಸ್ವಂತವಾಗಿ ಓದಿ ಅರ್ಥಮಾಡಿಕೊಳ್ಳಲು ಬಾರದಿದ್ದರೆ ನಾಡು ಇಲ್ಲಿಯೂ ಇಲ್ಲ. ಎಲ್ಲೆಯನ್ನು ಸರಕಾರಗಳೂ ನ್ಯಾಯಾಲಯಗಳೂ ಕಾಯಲಿ. ಕನ್ನಡದಲ್ಲಿ ಭಾವಿಸುವ ಜನವನ್ನು ನಮ್ಮ ಹೊರತು ಮತ್ತಾರೂ ಕಾಯಲಾರರು.

ಆ ಸಂಜೆ ಕೈಮುಗಿದು ಎದ್ದು ಹೋದ ತರುಣ ಮಾಸ್ತರರು ಈ ಪತ್ರಿಕೆಯನ್ನು ಓದುತ್ತಾರೆಂಬುದನ್ನು ನಾವು ಬಲ್ಲೆವು. ಅವರಿಗೆ ನಮ್ಮ ವಿನಂತಿ: ಮುಂದಿನ ಸಲ ಕೂಡಿದಾಗ ತಪ್ಪದೆ ಬರಬೇಕು, ಬಾಗಿಲ ಹತ್ತಿರ ಕೂಡದೆ ಒಳಗೆ ಬಂದು ಕೂಡಬೇಕು, ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕು. ಹಿರಿಯರೂ ಬರುವವರಿದ್ದಾರೆ. ಈ ಸಲ ನಾವು ಸುಮ್ಮನಿರುವದಿಲ್ಲ.